ಗಿಡ್ಡಜ್ಜಿ

ವಾರದ ರಜೆಯ ದಿನ ಗುಹೆಯೊಳಗೆ ಸುತ್ತಿಗೆಯ ಸದ್ದು ಕೇಳಿ ಗೈಡ್ ಹೆಂಗಸು ಟಾರ್ಚ್ ಹಿಡಿದು ಇಳಿದಳು. ಮೇಲಿನಿಂದ ಇಳಿಬಿದ್ದ ಕಲ್ಲಿನ ಕೊಳವೆಗಳನ್ನು ಮುರಿದು ಚೀಲಕ್ಕೆ ತುಂಬುತ್ತಿದ್ದವನು ಅವಳ ಸ್ವಂತ ತಮ್ಮ. ಗುಹೆಯ ದೀಪಗಳ ಕೆಲಸವನ್ನು ಅವನಿಗೆ ಕೊಡಿಸಿದ್ದೂ ಅವಳೇ.

"ಏನೋ ಇದು?"

"ಮೀನಿನ ತೊಟ್ಟಿ ಮಾರೋ ಅಂಗಡಿಯವನು ಇನ್ನಷ್ಟು ಕೇಳಿದ್ದಾನೆ. ಮನೇಗೆ ಹೋಗಕ್ಕ. ನೀರು ತೊಟ್ಟಿಕ್ತಾನೇ ಇರುತ್ತೆ, ಮತ್ತೆ ಬೆಳೆಯುತ್ತೆ."

"ಬೆಳೆಯುತ್ತಾ? ಒಂದು ಹನಿ ಗುಡ್ಡದ ಸುಣ್ಣ ಕರಗಿಸ್ಕೊಂಡು ಬಂದು, ಇಲ್ಲಿ ನೇತಾಡಿ, ಬೀಳೋ ಮುಂಚೆ ಉಗುರಿಗೂ ಸಿಗದಷ್ಟು ಬಿಟ್ಟು ಹೋಗುತ್ತೆ. ಮಿಕ್ಕಿದ್ದನ್ನ ನೆಲದ ಮೇಲೆ ಬಿಡುತ್ತೆ. ಮೇಲಿಂದು ಇಳಿದು, ಕೆಳಗಿಂದು ಏರಿ, ಎರಡೂ ಕೂಡಿ ಕಂಬ ಆಗೋ ಹೊತ್ತಿಗೆ ನಮ್ಮ ಮರಿಮಕ್ಕಳ ಮರಿಮಕ್ಕಳೂ ಮಣ್ಣಾಗಿರ್ತಾರೆ ಕಣೋ."

"ಆ ಪಾಠಾನ ಟಿಕೆಟ್ ತಗೊಂಡು ಬಂದವರಿಗೆ ಹೇಳು," ಎಂದು ಅವನು ಆಗಲೇ ಅರ್ಧ ಕೊಯ್ದಿದ್ದ ಕಂಬಕ್ಕೆ ಮತ್ತೆ ಗರಗಸ ಇಟ್ಟ.

ಅವಳು ಗರಗಸಕ್ಕೆ ಕೈ ಹಾಕಿದಳು. ಅವನು ಮೊಣಕೈಯಿಂದ ಅವಳ ಬಾಯಿಗೆ ಗುದ್ದಿದ. ಹಲ್ಲೊಂದು ಮುರಿಯಿತು. ಅವಳು ರಕ್ತ ಉಗಿದು ಟಾರ್ಚನ್ನು ಅವನ ಕಿವಿಯ ಮೇಲೆ ಬೀಸಿದಳು. ಅವನು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಇಬ್ಬರೂ ಕೆಸರಿನಲ್ಲಿ ಉರುಳಾಡುತ್ತ ಕಂಬಕ್ಕೆ ಬಡಿದರು. ಅದು ಲಟಕ್ಕನೆ ಮುರಿದು ಅವನ ಮೊಣಕಾಲನ್ನು ಜಜ್ಜಿತು.

ಅವನು ಅರಚಿದ. ಅವಳು ಕಂಬವನ್ನು ಉರುಳಿಸಲು ನೋಡಿದಳು. ನೆಲದಿಂದ ಎದ್ದಿದ್ದ ಒಂದು ಬಿಳಿ ಗುಜ್ಜುಕಲ್ಲು ಅಡ್ಡ ಇತ್ತು. ಗುಹೆ ನೋಡಲು ಬರುವ ಮಕ್ಕಳು ಅದಕ್ಕೆ ಗಿಡ್ಡಜ್ಜಿ ಎಂದು ಹೆಸರಿಟ್ಟಿದ್ದರು. ಅದನ್ನು ಮುಟ್ಟಲೂ ಅವಳು ಯಾರಿಗೂ ಬಿಟ್ಟಿರಲಿಲ್ಲ.

"ಅಕ್ಕಾ, ಒಡಿ. ಸತ್ತು ಹೋಗ್ತೀನಿ."

ಅವಳು ಸುತ್ತಿಗೆ ಎತ್ತಿದಳು. "ಹಾಳಾದವನೇ," ಎನ್ನುತ್ತ ಒಂದೇಟು ಹಾಕಿದಳು. ಕಲ್ಲಿನ ಚೂರು ಅವಳ ಕೆನ್ನೆ ಸೀಳಿತು. ಗಿಡ್ಡಜ್ಜಿ ಪುಡಿಯಾಗುವವರೆಗೂ ಅವಳು ಬೈಯುತ್ತಲೇ ಹೊಡೆದಳು, ಅಳುತ್ತಲೇ ಹೊಡೆದಳು. ಆಮೇಲೆ ಕಂಬ ಉರುಳಿಸಿ, ಅವನ ತೊಡೆಗೆ ಬೆಲ್ಟ್ ಬಿಗಿದು ಹೊರಗೆ ಎಳೆದುತಂದಳು.

ಕಾಲು ಉಳಿಯಲಿಲ್ಲ. ಆಸ್ಪತ್ರೆಗೆ ಬಂದ ಪೊಲೀಸಿನವನಿಗೆ ತಮ್ಮ, "ಎಲ್ಲಾ ಒಡೆದಿದ್ದು ಇವಳೇ. ತಡೆಯೋಕೆ ಹೋದೆ, ನನ್ನ ಮೇಲೆ ಕಂಬ ಬೀಳಿಸಿದಳು," ಎಂದ.

ಬಾಗಿಲಲ್ಲಿ ನಿಂತಿದ್ದ ಅವಳು ಹೋಗಿ ಅವನ ಕುತ್ತಿಗೆಪಟ್ಟಿ ಹಿಡಿದಳು. ಪೊಲೀಸಿನವನು ಕೈ ಬಿಡಿಸಬೇಕಾಯಿತು.

"ಗಿಡ್ಡಜ್ಜಿನ ಒಡೆದಿದ್ದು ನಾನೇ ಸಾರ್, ಬರ್ಕೊಳ್ಳಿ," ಎಂದಳು. "ಮಿಕ್ಕಿದ್ದನ್ನ ಮೀನಿನ ತೊಟ್ಟಿ ಅಂಗಡೀಲಿ ಹುಡುಕಿ."

ಅವನು ಮೊದಲೇ ಸಾಗಿಸಿದ್ದ ಕಲ್ಲುಗಳು ಅಲ್ಲೇ ಸಿಕ್ಕವು. ತಮ್ಮ ಜೈಲಿಗೆ ಹೋದ. ಅವಳ ಕೆಲಸವೂ ಹೋಯಿತು. ಅವಳು ತಕರಾರು ಮಾಡಲಿಲ್ಲ.

ಬಿಡುಗಡೆಯಾದವನು ಊರುಗೋಲು ಊರಿಕೊಂಡು ಮನೆಗೆ ಬಂದಾಗ ಅಮ್ಮ ಒಳಗೆ ಕರೆಯಲು ಎದ್ದಳು. ಅವಳು ಅಮ್ಮನನ್ನು ಹಿಂದಕ್ಕೆ ತಳ್ಳಿ ಅವನ ಮುಖಕ್ಕೆ ರಪ್ಪನೆ ಬಾಗಿಲು ಹಾಕಿದಳು. ಊರುಗೋಲಿನ ಸದ್ದು ಮೆಟ್ಟಿಲಿಳಿದು ಮರೆಯಾಗುವವರೆಗೂ ಅವಳ ಕೈ ಚಿಲಕದ ಮೇಲೇ ಇತ್ತು.