ನಿಂತಲ್ಲೇ ಬಿಸಿಯಾದ ಗಾಡಿ

ಹದಿನಾರು ವರ್ಷದಿಂದ ನಾನು ಜನರಿಗೆ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದೇನೆ. ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಆದರೆ ಗೇರನ್ನು ಹಾವು ತುಳಿದವರ ಹಾಗೆ ತುಳಿಯುವವರನ್ನು ಬೆಳಗ್ಗೆ ಆರರಿಂದ ನೋಡುತ್ತಿದ್ದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ, ಹೇಳಿ? ನನ್ನ ಸ್ಕೂಲಿಗೆ ಸೇರಿದವರಿಗೆ ಮೊದಲ ದಿನ ಹ್ಯಾಂಡಲ್ ಮುಟ್ಟಲೂ ಬಿಡುವುದಿಲ್ಲ. ಇಂಜಿನ್ ಪಕ್ಕ ಕುಕ್ಕರುಗಾಲಲ್ಲಿ ಕೂರಿಸಿ ಒಂದೇ ಪಾಠ ಹೇಳುತ್ತೇನೆ.

"ನೋಡ್ರೀ, ಇದಕ್ಕೆ ನೀರಿಲ್ಲ, ಫ್ಯಾನಿಲ್ಲ. ಸುತ್ತಲೂ ತೆಳ್ಳಗೆ ಪಟ್ಟಿ ಥರ ಇದಾವಲ್ಲ, ಫಿನ್ನು, ಅದರ ಸಂದೀಲಿ ಗಾಳಿ ಹೋದ್ರೆ ಮಾತ್ರ ಇಂಜಿನ್ ತಣ್ಣಗಿರುತ್ತೆ. ಗಾಡಿ ಓಡಿದ್ರೆ ಗಾಳಿ. ನಿಂತ್ಕೊಂಡು ಆನ್ ಇಟ್ರೆ ತನ್ನ ಬಿಸೀಲಿ ತಾನೇ ಬೇಯುತ್ತೆ. ಕಟಕಟ ಅಂತ ಸದ್ದು ಬಂತಾ, ಆಫ್ ಮಾಡಿ ನೆರಳಿಗೆ ತಳ್ಳಿ, ಕೈಕಟ್ಟಿ ಕೂತ್ಕೊಳ್ಳಿ. ಬುದ್ಧಿವಂತಿಕೆ ತೋರಿಸೋಕೆ ಹೋಗಿ ನೀರು ಸುರೀಬೇಡಿ, ಸಿಲಿಂಡರ್ ಬಿರುಕು ಬಿಡುತ್ತೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿ."

ಈ ಪಾಠವನ್ನು ನನ್ನ ಸ್ವಂತ ಅಕ್ಕನಿಗೂ ಹೇಳಿದ್ದೆ. ಅಕ್ಕನಿಗೆ ನಲವತ್ನಾಲ್ಕು. ಭಾವ ತೀರಿಕೊಂಡ ಮೇಲೆ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ. ಕಾಲಿನ ನರಗಳು ಊದಿಕೊಂಡು ಸಂಜೆ ಹೊತ್ತಿಗೆ ಚಪ್ಪಲಿ ಕಾಲಿಗೆ ಹಿಡಿಸುವುದಿಲ್ಲ. ಇನ್ನೊಂದು ವರ್ಷ ಹೀಗೇ ನಿಂತರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನವರು ಕರೆದರು. ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ಡಬ್ಬಿಗಳನ್ನು ಬೈಕಿನಲ್ಲಿ ತಂದುಕೊಡುವ ಕೆಲಸ. ಕೂತು ಮಾಡುವ ಕೆಲಸ! ಗಾಡಿ ಅವರದೇ. ಇವಳು ಲೈಸೆನ್ಸ್ ತೋರಿಸಿದರೆ ಸಾಕು, ಆದರೆ ಗುರುವಾರದೊಳಗೆ ತೋರಿಸಬೇಕು. ಟೆಸ್ಟಿನಲ್ಲಿ ಆಗಲೇ ಎರಡು ಸಲ ಫೇಲಾಗಿದ್ದಳು. ಮೂರನೇ ಸಲವೂ ಹೋದರೆ ಎರಡು ತಿಂಗಳು ಆ ಕಡೆ ತಲೆ ಹಾಕುವಂತಿಲ್ಲ. ಬುಧವಾರ ಅವಳ ಮೂರನೇ ಟೆಸ್ಟು.

ಮೂರು ವಾರ ದಿನಾ ಬೆಳಗ್ಗೆ ಕಲಿಸಿದೆ. ಬೈಯದೆ ಕಲಿಸಲು ನನಗೆ ಬರುವುದಿಲ್ಲ, ಅವಳನ್ನೂ ಬೈದೆ.

"ಲೋ, ನಿನಗೆ ಸೈಕಲ್ ಕಲಿಸಿದ್ದು ನಾನು ಕಣೋ. ಹೀಗೆ ಕೂಗಾಡಿದ್ನಾ ನಾನು?" ಎಂದಳು ಒಂದು ದಿನ.

"ಕೂಗಾಡ್ಲಿಲ್ಲ. ತಲೆ ಮೇಲೆ ಕುಟ್ತಿದ್ದೆ."

"ಕುಟ್ಟಿದ್ದಕ್ಕೇ ಬಂತು," ಎಂದು ನಕ್ಕಳು. ನಗುತ್ತಲೇ ಟೆಸ್ಟಿನಲ್ಲಿ ಹಾಕುವ ಹಾಗೆ ಗಾಡಿಯನ್ನು ತಿರುಗಿಸಿ ಒಂದು ಎಂಟು ಹಾಕಿ ತೋರಿಸಿದಳು. ಕಾಲು ಊರಿದರೆ ಫೇಲು, ಅವಳ ಕಾಲು ನೆಲಕ್ಕೆ ತಾಗಲೇ ಇಲ್ಲ. ಈ ಸಲ ಆಗುತ್ತದೆ ಎಂದು ನನಗೆ ಆವತ್ತೇ ಅನ್ನಿಸಿತ್ತು.

ನನ್ನ ಎರಡು ಬೈಕುಗಳಲ್ಲಿ ಅವಳಿಗೆ ಕೈ ಹೊಂದಿದ್ದು ಹಳೆಯದರ ಜೊತೆ. ಅದನ್ನು ನಾವು ಮುದುಕಿ ಎನ್ನುತ್ತೇವೆ. ಫಾರಂನಲ್ಲಿ ಯಾವ ಗಾಡಿಯ ನಂಬರ್ ಬರೆದಿರುತ್ತದೋ ಅದರಲ್ಲೇ ಟೆಸ್ಟ್ ಕೊಡಬೇಕು. ಮುದುಕಿಗೆ ಒಂದು ಕಾಯಿಲೆ ಇತ್ತು. ಬಿಸಿಯಿದ್ದಾಗ ಆಫ್ ಮಾಡಿದರೆ ಕಾಲು ಗಂಟೆ ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಇನ್ನು ಆಯಿಲ್. ಅದನ್ನು ಬದಲಾಯಿಸಿ ಎಷ್ಟು ಕಾಲವಾಗಿತ್ತೋ ನನಗೇ ನೆನಪಿಲ್ಲ. ಇವತ್ತು ನಾಳೆ ಎನ್ನುತ್ತ ಬಂದಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ಬುಧವಾರ ಟೆಸ್ಟಿನ ಮೈದಾನದಲ್ಲಿ ಬೆಳಗ್ಗೆ ಒಂಬತ್ತಕ್ಕೇ ಸುಡುಬಿಸಿಲು. ಅಕ್ಕನದು ಹದಿನೇಳನೇ ನಂಬರ್. ಅವಳಿಗಿಂತ ಮೊದಲು ನನ್ನ ಮೂವರು ಶಿಷ್ಯರು ಅದೇ ಮುದುಕಿಯ ಮೇಲೆ ಎಂಟು ಹಾಕಿದ್ದರು. ಫಸ್ಟ್ ಗೇರ್, ಹಾಫ್ ಕ್ಲಚ್, ನಡಿಗೆಯ ವೇಗ. ಗಾಳಿಯಿಂದ ತಣ್ಣಗಾಗುವ ಇಂಜಿನ್ನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವರಲ್ಲಿ ಕೊನೆಯವನು, ಹದಿನಾರನೇ ನಂಬರಿನವನು, ಮುಗಿಸಿ ಬಂದು ಇಂಜಿನ್ ಆನ್ ಇದ್ದ ಹಾಗೇ ಗಾಡಿ ಕೊಟ್ಟ. ಅಕ್ಕ ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿದಳು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಮೇಡಂ ಕೈ ಎತ್ತಿದರು. ನೆಲದ ಮೇಲಿನ ಬಿಳಿ ಗೆರೆ ಅಳಿಸಿಹೋಗಿದೆ, ಮತ್ತೆ ಬಳಿಯಬೇಕಂತೆ.

"ಐದು ನಿಮಿಷ," ಎಂದರು.

ಐದು ನಿಮಿಷಕ್ಕೆಲ್ಲ ಯಾರಾದರೂ ಆಫ್ ಮಾಡುತ್ತಾರೆಯೇ? ನಂಬರ್ ಕರೆದ ಒಂದು ನಿಮಿಷದಲ್ಲಿ ಗಾಡಿ ಹೊರಡದಿದ್ದರೆ ಗೈರುಹಾಜರಿ ಎಂದು ಬರೆದುಬಿಡುತ್ತಾರೆ. ಮುದುಕಿ ಹಟ ಹಿಡಿದರೆ ಕೆಲಸ ಕೆಟ್ಟಿತು ಎಂದುಕೊಂಡು, "ಆಫ್ ಮಾಡ್ಬೇಡ ಅಕ್ಕಾ, ನ್ಯೂಟ್ರಲ್‌ನಲ್ಲಿ ಇಟ್ಟಿರು," ಎಂದೆ. ಹೇಳಿದ್ದು ನಾನೇ. ಈ ಬಾಯಿಂದಲೇ.

ಬಣ್ಣ ಬಳಿಯುವವನು ಬರಲು ಹತ್ತು ನಿಮಿಷ. ಡಬ್ಬಿಯ ಮುಚ್ಚಳ ತೆಗೆಯಲು ಐದು ನಿಮಿಷ. ಬಳಿದದ್ದು ಒಣಗಬೇಡವೇ? ಇಂಜಿನ್ನಿನಿಂದ ಝಳ ನನ್ನ ಮೊಣಕಾಲಿಗೆ ಬಡಿಯತೊಡಗಿತು. ಈಗ ಆಫ್ ಮಾಡಿದರೆ ಸ್ಟಾರ್ಟ್ ಆಗುವುದಿಲ್ಲ, ಮಾಡದಿದ್ದರೆ ಬೇಯುತ್ತದೆ. ಅತ್ತ ದರಿ ಇತ್ತ ಪುಲಿ. ಕೊನೆಗೆ ಒಂದು ರಟ್ಟಿನ ತುಂಡು ಹಿಡಿದು ಫಿನ್ನುಗಳಿಗೆ ಗಾಳಿ ಬೀಸತೊಡಗಿದೆ. ಅಕ್ಕನೂ ಗಾಡಿಯ ಮೇಲೇ ಬಗ್ಗಿ ತನ್ನ ಫೈಲಿನಿಂದ ಬೀಸಿದಳು.

"ಏನಯ್ಯಾ, ಬಾಣಂತಿಗೆ ಗಾಳಿ ಹಾಕ್ತಿದೀಯಾ?" ಎಂದ ಪಕ್ಕದ ಸ್ಕೂಲಿನ ಗಡ್ಡದವನು. ಸುತ್ತಲಿದ್ದವರು ಗೊಳ್ಳೆಂದರು.

ಬೇರೆ ದಿನವಾಗಿದ್ದರೆ ಅವನ ಗಡ್ಡ ಹಿಡಿದು ಜಾಡಿಸುತ್ತಿದ್ದೆ. ಆವತ್ತು ಬೀಸುತ್ತಲೇ ಇದ್ದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸುಟ್ಟ ಆಯಿಲ್ಲಿನ ವಾಸನೆ ಮೂಗಿಗೆ ಬಡಿಯಿತು.

"ಹದಿನೇಳು!" ಎಂದು ಕೂಗಿದರು.

ಅಕ್ಕ ನನ್ನ ಕಡೆ ನೋಡಿದಳು. ತಲೆಯಾಡಿಸಿದೆ. ಇನ್ನೇನು ಮಾಡಲಿ?

ಗೆರೆಯಾಚೆ ನಾವು ಕಾಲಿಡುವಂತಿಲ್ಲ. ಒಂದು ಮಾತು ಕೂಗಿ ಹೇಳಿದರೂ ಗಾಡಿಯ ಮೇಲಿರುವವರು ಫೇಲು. ಹದಿನಾರು ವರ್ಷ ಕೂಗಿ ಕೂಗಿ ಕಲಿಸಿದವನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅಕ್ಕ ಮೊದಲ ಎಂಟನ್ನು ಎಷ್ಟು ಚೆನ್ನಾಗಿ ಹಾಕಿದಳೆಂದರೆ ಗಡ್ಡದವನೂ "ಭಲೇ" ಎಂದ. ನಾನು ಎಂಟನ್ನು ನೋಡುತ್ತಿರಲಿಲ್ಲ. ಇಂಜಿನ್ ಕಟಕಟ ಎನ್ನತೊಡಗಿತ್ತು. ಸದ್ದು ಒಂದೊಂದು ತಿರುವಿಗೂ ಗಟ್ಟಿಯಾಗುತ್ತಿತ್ತು. ಇನ್ನು ಅರ್ಧ ಸುತ್ತು, ತಡೆದುಕೋ ತಾಯಿ, ನಿನ್ನ ಕಾಲು ಹಿಡಿಯುತ್ತೇನೆ ಎಂದು ಆ ಕಬ್ಬಿಣಕ್ಕೆ ಮನಸ್ಸಿನಲ್ಲೇ ಬೇಡಿಕೊಂಡೆ. ಎರಡನೇ ಎಂಟಿನ ಕೊನೆಯ ತಿರುವಿನಲ್ಲಿ ಮುದುಕಿ ಒಮ್ಮೆ ಮುಗ್ಗರಿಸಿ, ಉಸಿರು ಕಟ್ಟಿದ ಹಾಗೆ ನಿಂತುಬಿಟ್ಟಳು. ಗಾಡಿ ವಾಲಿತು. ಅಕ್ಕ ಕಾಲು ಊರಿದಳು.

ಮುಗಿಯಬೇಕಾದ ಗೆರೆ ಅವಳಿಂದ ಎರಡು ಮಾರು ದೂರವಿತ್ತು.

ಮೇಡಂ ಹತ್ತಿರ ಹೋಗಿ ಬಗ್ಗಿ ನೋಡಿದರು. ನನ್ನನ್ನೂ ಕೈಸನ್ನೆ ಮಾಡಿ ಕರೆದರು.

"ಸುಟ್ಟ ವಾಸನೆ ಬರ್ತಿದೆಯಲ್ರೀ," ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ನೋಡಮ್ಮಾ, ಚೆನ್ನಾಗಿ ಓಡಿಸ್ತಿದ್ರಿ. ಗಾಡಿ ಕೆಟ್ಟಿದ್ರೆ ಹೇಳಿ, ಹಾಗೇ ಬರ್ಕೋತೀನಿ. ಮಧ್ಯಾಹ್ನ ಬೇರೆ ಗಾಡೀಲಿ ಇನ್ನೊಂದು ಅವಕಾಶ ಕೊಡ್ತೀನಿ. ಆದ್ರೆ ಕೆಟ್ಟ ಗಾಡಿ ಟೆಸ್ಟಿಗೆ ತಂದಿದ್ದಕ್ಕೆ ಇವರ ಸ್ಕೂಲಿಗೆ ಬೀಗ ಬೀಳುತ್ತೆ. ಅದು ನನ್ನ ಕೈಲಿಲ್ಲ. ತಪ್ಪು ಗಾಡಿದಾ, ನಿಮ್ದಾ?"

ಬೀಗ ಬಿದ್ದ ಸ್ಕೂಲು ಮತ್ತೆ ತೆರೆದದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಅಮ್ಮ, ಎಲ್ಲರೂ ಒಂದೇ ಸಲ ಕಣ್ಣ ಮುಂದೆ ಬಂದು ನಿಂತರು. ಆದರೂ ಹೇಳಬೇಕು, ಗಾಡಿದು ಮೇಡಂ, ತಪ್ಪು ನಂದು ಎನ್ನಬೇಕು, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

"ನಂದೇ ಮೇಡಂ," ಎಂದಳು ಅಕ್ಕ. "ಕ್ಲಚ್ ಬೇಗ ಬಿಟ್ಟೆ."

ಮೇಡಂ ನನ್ನ ಮುಖ ನೋಡಿದರು. "ಹೌದೇನ್ರೀ ಮೇಷ್ಟ್ರೇ?"

"ಹೌದು ಮೇಡಂ," ಎಂದೆ.

ಅಷ್ಟು ಬೇಗ ನಾನು ಜನ್ಮದಲ್ಲಿ ಯಾರಿಗೂ ಉತ್ತರ ಕೊಟ್ಟಿಲ್ಲ. ಮೇಡಂ ಬರೆದುಕೊಂಡರು. ಅಕ್ಕ ಸಹಿ ಮಾಡಿದಳು.

ಇಬ್ಬರೂ ಸೇರಿ ಗಾಡಿಯನ್ನು ಗೇಟಿನ ಹೊರಗೆ ಒಂದು ಗೋಡೆಯ ನೆರಳಿಗೆ ತಳ್ಳಿಕೊಂಡು ಬಂದೆವು. ಅಕ್ಕ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ಕಾಲು ಒತ್ತಿಕೊಂಡಳು.

"ಸದ್ದು ನಂಗೂ ಕೇಳಿಸ್ತು ಕಣೋ," ಎಂದಳು. "ಮೊದಲ ಸುತ್ತಲ್ಲೇ."

"ಮತ್ಯಾಕೆ ಹಾಗಂದೆ?"

"ಇನ್ನೇನನ್ನಲಿ? ನಿನ್ನ ಮಕ್ಕಳು ಏನು ತಿಂತಾವೆ?" ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಲ್ಯಾಬಿಗೆ ಫೋನ್ ನೀನೇ ಮಾಡಿಬಿಡೋ. ನನ್ನ ಕೈಲಾಗಲ್ಲ. ಮಧ್ಯಾಹ್ನದ ಪಾಳಿಗೆ ಲಾಂಡ್ರಿಗೆ ಹೋಗ್ಬೇಕು."

ಮಾಡಿದೆ. ಆ ಕಡೆಯಿಂದ ಒಬ್ಬ ಹೆಂಗಸು ಎತ್ತಿಕೊಂಡರು. ಅಕ್ಕನ ಹೆಸರು ಹೇಳಿದ ಕೂಡಲೇ ಅವರ ದನಿಯಲ್ಲಿ ಸಂತೋಷ ಕೇಳಿಸಿತು.

"ಪಾಸಾದ್ರಾ? ನಾಳೆಯಿಂದಲೇ ಬರ್ತಾರಾ?"

"ಇಲ್ಲ ಮೇಡಂ. ಆಗ್ಲಿಲ್ಲ."

"ಅಯ್ಯೋ! ಯಾಕೆ, ಏನಾಯ್ತು?"

ನಾನು ಅಕ್ಕನ ಕಡೆ ನೋಡಿದೆ. ಅವಳು ಊದಿದ ಕಾಲನ್ನು ಮತ್ತೆ ಶೂ ಒಳಗೆ ತುರುಕಲು ಹೆಣಗುತ್ತಿದ್ದಳು. ಇಲ್ಲಿ ಇನ್ಸ್‌ಪೆಕ್ಟರ್ ಇರಲಿಲ್ಲ, ಬೀಗವೂ ಇರಲಿಲ್ಲ. ನಿಜ ಹೇಳಿದ್ದರೆ ಆ ಎರಡು ತಿಂಗಳು ಕಾಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

"ಕ್ಲಚ್ ಬೇಗ ಬಿಟ್ಟುಬಿಟ್ರು ಮೇಡಂ," ಎಂದೆ.