ಇಳಿದ ಮೇಲೆ ಹೇಳಿ

ನಮ್ಮ ಮನೆಯಲ್ಲಿ ಅಮ್ಮ ಮಾಡಿದ ಒಂದು ಕಾನೂನು ಇದೆ. ನನಗೆ ಹಾರಾಟ ಇರುವಷ್ಟು ದಿನ ಯಾವ ಕೆಟ್ಟ ಸುದ್ದಿಯನ್ನೂ ನನ್ನ ಕಿವಿಗೆ ಹಾಕಕೂಡದು. ಯಾರಿಗೆ ಜ್ವರ ಬಂದರೂ, ನೆಂಟರ ಜೊತೆ ಜಗಳವಾದರೂ, ಬಚ್ಚಲ ಗೋಡೆ ಬಿರುಕು ಬಿಟ್ಟರೂ ಎಲ್ಲವನ್ನೂ ಗಂಟು ಕಟ್ಟಿ ಇಟ್ಟುಕೊಂಡು ನನ್ನ ರಜೆಯ ಮೊದಲ ದಿನ ಬೆಳಿಗ್ಗೆ ಬಿಚ್ಚುತ್ತಾರೆ. ಹಾಗಾಗಿ ನನ್ನ ರಜೆಯ ಮೊದಲ ದಿನ ಯಾವಾಗಲೂ ಹಾಳು.

ಕಾನೂನಿಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ವಿಮಾನ ಹತ್ತುವ ಮುಂಚೆ ಮನೆಗೆ ಫೋನ್ ಮಾಡಿದ್ದೆ. ನನ್ನ ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ ಎಂದು ಹೆಂಡತಿ ಹೇಳಿದಳು. ಅವತ್ತು ಮೇಲೆ ಹೋದ ಮೇಲೆ ರೇಡಿಯೋದಲ್ಲಿ ನಮ್ಮನ್ನು ಎಷ್ಟು ಕೂಗಿದರೂ ನನಗೆ ಕೇಳಿಸಲಿಲ್ಲ. ಪಕ್ಕದ ಕ್ಯಾಪ್ಟನ್ ತಾವೇ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ, "ಮನೆಗೆ ಹೋಗಿ ಬಂದ್ಯಾ?" ಎಂದರು. ಇದನ್ನು ನಾನು ಮನೆಯಲ್ಲಿ ತಮಾಷೆಗೆಂದು ಹೇಳಿದೆ. ಎಲ್ಲರೂ ನಕ್ಕರು, ಅಮ್ಮ ನಗಲಿಲ್ಲ.

"ಇನ್ಮೇಲೆ ಏನಿದ್ರೂ ಇವನು ಇಳಿದ ಮೇಲೆ ಹೇಳಿ. ಇವನ ಬೆನ್ನ ಹಿಂದೆ ಅಷ್ಟು ಜನ ಕೂತಿರ್ತಾರೆ," ಎಂದಳು. ಅಮ್ಮ ಒಮ್ಮೆ ಹೇಳಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ.

ಈಗ ನಾನು ಪರದೇಶದ ವಿಮಾನ ಕಂಪನಿಯೊಂದರಲ್ಲಿ ಗುತ್ತಿಗೆ ಪೈಲಟ್. ಟೋಪಿ ಅವರದು, ಕೋಟು ಅವರದು, ಪ್ರಯಾಣಿಕರಿಗೆ ಸ್ವಾಗತ ಕೋರುವಾಗ "ನಮ್ಮ ಕಂಪನಿ" ಎಂದು ಹೇಳುವ ದನಿ ಮಾತ್ರ ನನ್ನದು. ನನ್ನನ್ನು ಕಳಿಸಿದ್ದು ಒಂದು ಏಜೆನ್ಸಿ, ಸಂಬಳ ಕೊಡುವುದೂ ಅದೇ. ಕಂಪನಿಯ ಸ್ವಂತ ಪೈಲಟ್‌ಗಳ ಗುರುತಿನ ಚೀಟಿಯ ಕೊರಳಪಟ್ಟಿ ನೀಲಿ, ನಮ್ಮಂಥವರದು ಬೂದಿ ಬಣ್ಣ. ಬೂದಿ ಬಣ್ಣದವರಿಗೆ ತಲೆನೋವು ಬರುವುದಿಲ್ಲ, ನಿದ್ದೆ ಸಾಲದೆ ಹೋಗುವುದಿಲ್ಲ, ಯಾವ ಹಾರಾಟಕ್ಕೂ ಅವರು ಒಲ್ಲೆ ಎನ್ನುವುದಿಲ್ಲ. ಒಲ್ಲೆ ಎಂದರೆ ಮುಂದಿನ ಸಲ ಗುತ್ತಿಗೆ ಮುಂದುವರಿಯುವುದಿಲ್ಲ. ಬಾಡಿಗೆ ಎತ್ತು ಕುಂಟಕೂಡದು, ಅಷ್ಟೆ.

ಕೆಲವು ವಾರ ಅಲ್ಲಿ, ಆಮೇಲೆ ರಜೆಗೆ ಮನೆ. ಯಾವ ದಿನ ಹಾರಾಟ, ಯಾವ ದಿನ ಬಿಡುವು ಎಂಬ ರೋಸ್ಟರ್ ಬಂದ ಕೂಡಲೇ ನಾನು ಹೆಂಡತಿಗೆ ಕಳಿಸುತ್ತೇನೆ. ಅವಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತಾಳೆ. ಯಾವ ಸುದ್ದಿ ಯಾವಾಗ ಹೇಳಬೇಕು ಎಂಬುದನ್ನು ಮನೆಯವರು ಅದನ್ನು ನೋಡಿಯೇ ತೀರ್ಮಾನಿಸುವುದು.

ಜನ ಕೇಳುತ್ತಾರೆ, ಮೇಲಿನಿಂದ ಸೂರ್ಯ ಹುಟ್ಟುವುದನ್ನು ನೋಡಿದರೆ ಏನನ್ನಿಸುತ್ತದೆ ಎಂದು. ಕಣ್ಣಿಗೆ ಹೊಡೆಯುತ್ತದೆ, ಪರದೆ ಎಳೆಯುತ್ತೇನೆ. ಮೊದಮೊದಲು ಏನೋ ಅನ್ನಿಸುತ್ತಿತ್ತು. ಯಾವಾಗ ನಿಂತಿತೋ ಗಮನಿಸಲಿಲ್ಲ. ಒಂದು ಹೋಟೆಲಿನ ಹಾಸಿಗೆ, ಇನ್ನೊಂದು ಹೋಟೆಲಿನ ಬಚ್ಚಲು, ಎಲ್ಲ ಕಡೆಯೂ ಅದೇ ಸಣ್ಣ ಸಾಬೂನು. ಎದ್ದಾಗ ಯಾವ ಊರು ಎಂದು ಕಿಟಕಿ ನೋಡಿ ತಿಳಿಯುವ ಗೋಜಿಗೂ ಹೋಗುವುದಿಲ್ಲ.

ಅಪ್ಪ ಹೋದಾಗಲೂ ಮನೆಯವರು ಕಾನೂನು ಮುರಿಯಲಿಲ್ಲ. ಅವತ್ತು ನಾನು ಫೋನ್ ಮಾಡಿದರೆ ಹೆಂಡತಿ ವಾಷಿಂಗ್ ಮೆಷಿನ್ ರಿಪೇರಿಯ ಕಥೆಯನ್ನು ಒಂದೇ ಉಸಿರಿಗೆ ಹೇಳಿದಳು. ಮೆಕ್ಯಾನಿಕ್ ಏನೆಂದ, ಅವಳು ಏನೆಂದಳು, ಅವನು ಮತ್ತೆ ಏನೆಂದ. ನಾನು ನಗುತ್ತಾ ಕೇಳಿದೆ. ಹಾರಾಟಗಳೆಲ್ಲ ಮುಗಿದ ಮೇಲೆ ಅಪ್ಪ ತೀರಿಕೊಂಡ ಸುದ್ದಿ ತಿಳಿಯಿತು. ಅಷ್ಟರಲ್ಲಿ ತಮ್ಮ ಎಲ್ಲ ಕಾರ್ಯ ಮುಗಿಸಿದ್ದ. ಮನೆಗೆ ಹೋದಾಗ ಅಳು ಬರಲಿಲ್ಲ. "ನೀನು ಕ್ಷೇಮವಾಗಿ ಇಳಿದೆಯಲ್ಲ, ಸಾಕು," ಎಂದಳು ಅಮ್ಮ. ಅವತ್ತಿನಿಂದ ಒಂದು ವಿಷಯ ಕಲಿತೆ: ಹೆಂಡತಿ ಅಗತ್ಯಕ್ಕಿಂತ ಹೆಚ್ಚು ಮಾತಾಡಿದರೆ ಮನೆಯಲ್ಲಿ ಏನೋ ಮುಗಿದುಹೋಗಿದೆ.

ಈ ಸಲ ನಾನು ಹೊರಟಾಗ ಅಮ್ಮನಿಗೆ ಉಸಿರಾಟದ ತೊಂದರೆ ಇತ್ತು. ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಸ್ಪತ್ರೆಗೆ ಹೋಗಿ ಬಂದಿದ್ದಾಗಿತ್ತು, ಔಷಧಿ ನಡೆಯುತ್ತಿತ್ತು. ಮುಂದಿನ ರಜೆಯವರೆಗೆ ಏನೂ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನಾನು ನಂಬಿದೆ. ನಂಬದೆ ಹೊರಡಲು ಆಗುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ, ನಾನು ಫ್ಲ್ಯಾಟಿನಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ, ರೋಸ್ಟರ್ ಮಾಡುವ ಹೆಂಗಸು ಫೋನ್ ಮಾಡಿದಳು. ನಾನು ಓಡಿಸುವಂಥ ವಿಮಾನಗಳು ಆ ಕಂಪನಿಯಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಅದರಲ್ಲೊಂದರ ಎಂಜಿನ್ನಿಗೆ ಹಕ್ಕಿ ಹೊಕ್ಕಿತ್ತು.

"ನಿಮ್ಮ ಈ ವಾರದ ಹಾರಾಟ ಎಲ್ಲ ತೆಗೆದಿದೀವಿ," ಎಂದಳು. "ಶುಕ್ರವಾರದಿಂದ ಹೇಗೂ ನಿಮ್ಮ ರಜೆ ಇದೆ. ಬೇಕಿದ್ರೆ ಇವತ್ತೇ ಮನೆಗೆ ಹೊರಡಿ. ಸಂಜೆ ವಿಮಾನದಲ್ಲಿ ಸೀಟು ಖಾಲಿ ಇದೆ."

ಫ್ಲ್ಯಾಟಿನಲ್ಲಿ ನನ್ನ ಜೊತೆ ಇರುವವನು ಇನ್ನೊಬ್ಬ ಗುತ್ತಿಗೆ ಪೈಲಟ್, ನನಗಿಂತ ಹಿರಿಯ. ಒಂದು ಕೈಗೆ ಇಲ್ಲಿನ ಸಮಯ, ಇನ್ನೊಂದು ಕೈಗೆ ಮನೆಯ ಸಮಯ ಕಟ್ಟಿಕೊಳ್ಳುವುದರಿಂದ ಎಲ್ಲರೂ ಅವನನ್ನು ಗಡಿಯಾರ ಎಂದು ಕರೆಯುತ್ತಾರೆ. ಅವನಿಗೂ ಅದೇ ಫೋನ್ ಬಂದಿತ್ತು. ನಾನು ಇಸ್ತ್ರಿಪೆಟ್ಟಿಗೆ ಆರಿಸುವಷ್ಟರಲ್ಲಿ ಅವನ ಗಂಟುಮೂಟೆ ಕಟ್ಟಿ ಆಗಿತ್ತು.

ನಾನೂ ಬರುತ್ತೇನೆಂದು ಹೇಳಲು ಮನೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಶುರು ಮಾಡಿದಳು. ನೀರಿನ ಟ್ಯಾಂಕ್ ತೊಳೆಸಿದ್ದಾಯಿತಂತೆ. ತೊಳೆಯಲು ಬಂದವನು ತನ್ನ ಚಪ್ಪಲಿ ಮಹಡಿಯ ಮೇಲೆ ಬಿಟ್ಟು ಹೋದನಂತೆ. ಪಕ್ಕದ ಮನೆಯ ನಾಯಿ ಅದರಲ್ಲೊಂದನ್ನು ಕಚ್ಚಿಕೊಂಡು ಹೋಯಿತಂತೆ. ಆಮೇಲೆ ನಾಯಿ ಎಲ್ಲಿ ಹೋಯಿತು, ಚಪ್ಪಲಿ ಎಲ್ಲಿ ಸಿಕ್ಕಿತು.

ಅವಳ ಹಿಂದೆ ಕುರ್ಚಿ ಎಳೆದ ಸದ್ದು ಕೇಳಿಸಿತು. ತಮ್ಮನ ದನಿ ಕೇಳಿಸಿತು. ಅವನಿಗೆ ಸ್ವಂತ ಗ್ಯಾರೇಜು. ಸೋಮವಾರ ಹಗಲು ಹೊತ್ತಿನಲ್ಲಿ ಅವನು ಮನೆಯಲ್ಲಿ ಇರುವವನೇ ಅಲ್ಲ.

"ಅಮ್ಮ?" ಎಂದೆ.

"ಮಲಗಿದಾರೆ," ಎಂದಳು. "ನಾಳೆ ಬೆಳಿಗ್ಗೇನೇ ಅಲ್ವಾ ನಿಮ್ಮ ಹಾರಾಟ? ಹುಷಾರು ರೀ."

ನನಗೆ ತಿಳಿಯಿತು. ಅಮ್ಮ ಹೋಗಿಬಿಟ್ಟಿದ್ದಾಳೆ. ಕತ್ತಲಲ್ಲಿ ಮೀಟರುಗಳನ್ನು ನೋಡಿಯೇ ವಿಮಾನ ಇಳಿಸುವವನು ನಾನು. ಚಪ್ಪಲಿ, ಕುರ್ಚಿ, ತಮ್ಮ, "ಮಲಗಿದಾರೆ" ಎಂಬ ಮಾತು, ಇಷ್ಟು ಸಾಕಾಗಿತ್ತು. ನನಗೆ ಹಾರಾಟ ಇಲ್ಲ ಎಂದು ಒಂದು ಮಾತು ಹೇಳಿದರೆ ಅವಳು ಅಲ್ಲೇ ಹೇಳಿಬಿಡುತ್ತಿದ್ದಳು. ಹೇಳದಿದ್ದರೆ ಶುಕ್ರವಾರದವರೆಗೆ ನನಗೆ ಅಮ್ಮ ಇದ್ದಾಳೆ.

"ಹೂಂ, ಬೆಳಿಗ್ಗೇನೇ," ಎಂದೆ.

ಗಡಿಯಾರ ಪೆಟ್ಟಿಗೆ ಎಳೆದುಕೊಂಡು ಬಾಗಿಲಿಗೆ ಬಂದ. "ಏನಪ್ಪಾ, ಇನ್ನೂ ಬನಿಯನ್ನಲ್ಲೇ ಇದೀಯ?"

"ನಾನು ಶುಕ್ರವಾರಾನೇ ಹೋಗ್ತೀನಿ."

"ಬಿಟ್ಟಿ ಸೀಟು ಬಿಡೋ ಗುತ್ತಿಗೆ ಪೈಲಟ್‌ನ ಇದೇ ಮೊದಲು ನೋಡ್ತಿರೋದು ನಾನು." ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. "ಮನೇಲಿ ಎಲ್ಲ ಸರಿ ಇದೆ ತಾನೆ?"

"ಎಲ್ಲ ಸರಿ ಇದೆ."

"ಹೆಂಡ್ತಿ ಜೊತೆ ಜಗಳ ಆಗಿದ್ರೆ ಹೇಳು, ನಿನ್ನ ಪರವಾಗಿ ನಾನೇ ಕಾಲಿಗೆ ಬೀಳ್ತೀನಿ. ಅಭ್ಯಾಸ ಇದೆ ನನಗೆ."

ನಕ್ಕೆ. ನಗು ಬಂದದ್ದು ನನಗೇ ಆಶ್ಚರ್ಯವಾಯಿತು. ಅವನು ಹೋದ.

ಆಮೇಲಿನ ದಿನಗಳಲ್ಲಿ ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ಇದ್ದ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದೆ. ಮೊಟ್ಟೆ ಬೇಯಿಸಿಕೊಂಡು ಸಿಂಕಿನ ಪಕ್ಕ ನಿಂತೇ ತಿಂದೆ. ಒಮ್ಮೆ ಅಡುಗೆಮನೆಯಲ್ಲಿ "ಅಮ್ಮ ಇಲ್ಲ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಹೇಳಿದೆ. ತಟ್ಟೆ ತೊಳೆಯಬೇಕೆಂದು ನೆನಪಾಯಿತು, ತೊಳೆದೆ. ಕಲ್ಲಾಗುವುದೆಂದರೆ ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಒಂದನ್ನು ಮಾತ್ರ ತಪ್ಪಿಸಲಿಲ್ಲ. ಪ್ರತಿ ಹಾರಾಟ ಮುಗಿದ ಮೇಲೆ ಮನೆಗೆ ಫೋನ್ ಮಾಡಿ "ಇಳಿದೆ" ಎನ್ನುವುದು ನನ್ನ ರೂಢಿ. ತೆಗೆದುಹಾಕಿದ ಆ ಹಾರಾಟಗಳು ಮುಗಿಯಬೇಕಿದ್ದ ಹೊತ್ತಿಗೆ ಸರಿಯಾಗಿ ಬಾಲ್ಕನಿಗೆ ಹೋಗಿ ಫೋನ್ ಮಾಡಿದೆ. ಕೆಳಗೆ ರಸ್ತೆಯಲ್ಲಿ ಬಸ್ಸು ಹೋಗುತ್ತಿದ್ದರೆ ಅದು ಹೋಗುವವರೆಗೆ ಕಾದೆ.

"ಇಳಿದೆ," ಎಂದೆ ಮಂಗಳವಾರ.

"ಸರಿ," ಎಂದಳು. "ಊಟ ಮಾಡಿ, ಮಲಗಿ."

ಅಮ್ಮನ ಸುದ್ದಿ ನಾನು ಕೇಳಲಿಲ್ಲ. ಕೇಳಿದರೆ ಅವಳು ಮತ್ತೆ ಮಲಗಿದ್ದಾರೆ ಎನ್ನಬೇಕು, ನಾನು ನಂಬಿದ ಹಾಗೆ ನಟಿಸಬೇಕು. ಇಬ್ಬರಿಗೂ ಯಾಕೆ ಕಷ್ಟ ಎಂದುಕೊಂಡೆ.

ಬುಧವಾರ "ಇಳಿದೆ" ಎಂದಾಗ ಅವಳು ಕೇಳಿದಳು, "ನಾಳೆ ಒಂದಿನ ಬಿಡಿಸ್ಕೊಂಡು ಬರೋಕೆ ಏನಾದ್ರೂ ಆಗುತ್ತಾ ನಿಮಗೆ?"

ಶವ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದಾರೆ ಎಂದುಕೊಂಡೆ. ತಮ್ಮ ಇದ್ದಾನೆ, ಅಪ್ಪನಿಗೂ ಅವನೇ ಮಾಡಿದ್ದು, ಈಗಲೂ ಮಾಡುತ್ತಾನೆ. ನಾನು ಹೋಗಿ ಆ ಮುಖ ನೋಡಿ ಆಗಬೇಕಾದದ್ದೇನು?

"ಆಗಲ್ಲ. ಗೊತ್ತಲ್ಲ ನಿನಗೆ, ಗುತ್ತಿಗೆ ಕೆಲಸ," ಎಂದೆ.

"ಇರ್ಲಿ ಬಿಡಿ. ಸುಮ್ನೆ ಕೇಳಿದೆ ಅಷ್ಟೆ."

ಫೋನ್ ಇಟ್ಟ ಮೇಲೆ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಹಾಯೆನಿಸಿತು. ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಗುರುವಾರವೂ "ಇಳಿದೆ" ಎಂದೆ.

ಶುಕ್ರವಾರ ಬೆಳಿಗ್ಗೆ ಎದ್ದು ಮುಖ ತೊಳೆದೆ, ಗಡ್ಡ ಹೆರೆದೆ, ಕೂತುಕೊಂಡು ಫೋನ್ ಮಾಡಿದೆ. ಇನ್ನು ಕೇಳಿಸಿಕೊಳ್ಳಲೇಬೇಕಿತ್ತು. ಕೇಳಿಸಿಕೊಳ್ಳುವುದಕ್ಕೆ ಸಿದ್ಧನಾಗಿದ್ದೆ.

"ಇವತ್ತಿಂದ ರಜೆ ಅಲ್ವಾ?" ಎಂದಳು ಹೆಂಡತಿ. ದನಿ ಕಟ್ಟಿತ್ತು.

"ಹೌದು. ಹೇಳು."

"ಅತ್ತೆ ಹೋಗ್ಬಿಟ್ರು ರೀ."

"ಗೊತ್ತು," ಎಂದೆ.

"ಗೊತ್ತಾ?" ಅಳು ಅಲ್ಲೇ ನಿಂತಿತು. "ಈಗಿನ್ನೂ ಅರ್ಧ ಗಂಟೆ ಆಗಿಲ್ಲ. ಡಾಕ್ಟರ್ ಇನ್ನೂ ಇಲ್ಲೇ ಇದಾರೆ. ಯಾರು ಹೇಳಿದ್ರು ನಿಮಗೆ?"

ಅವಳ ದನಿ ಬಂದು ಹೋಗಿ ಆಗುತ್ತಿತ್ತು. ಇನ್ನು ಕೆಲವೇ ದಿನ ಎಂದು ಡಾಕ್ಟರ್ ಹೇಳಿದ್ದು ಸೋಮವಾರವಂತೆ. ತಮ್ಮ ಗ್ಯಾರೇಜು ಮುಚ್ಚಿ ಬಂದು, ಕುರ್ಚಿಗಳನ್ನು ಸರಿಸಿ, ಅಮ್ಮನ ಮಂಚವನ್ನು ನಡುಮನೆಗೆ ತಂದು ಹಾಕಿದನಂತೆ. ಅಮ್ಮನಿಗೆ ಎಚ್ಚರವಿತ್ತು, ಮಾತು ಸ್ಪಷ್ಟವಾಗಿತ್ತು. ನನ್ನ ಹಾರಾಟ ಯಾವತ್ತಿಗೆ ಮುಗಿಯುತ್ತದೆ ಎಂದು ಕೇಳಿದಳಂತೆ. ಗುರುವಾರ ಎಂದಿದ್ದಕ್ಕೆ, "ಅಲ್ಲೀವರೆಗೆ ಅವನಿಗೆ ಹೇಳಬೇಡಿ, ನಾನು ಕಾಯ್ತೀನಿ," ಎಂದಳಂತೆ.

"ಬುಧವಾರ ಅವರಿಗೇ ಭಯ ಆಯ್ತು," ಎಂದಳು ಹೆಂಡತಿ. "ಒಂದಿನ ಬಿಡಿಸ್ಕೊಂಡು ಬರ್ತಾನಾ ಕೇಳು ಅಂದ್ರು. ಕೇಳಿದೆ. ನೀವು ಆಗಲ್ಲ ಅಂದ್ರಿ. ಕೆಲಸ ಅಲ್ವಾ ಪಾಪ, ಅಂದ್ರು."

ತಮ್ಮ ಅವಳಿಂದ ಫೋನ್ ತೆಗೆದುಕೊಂಡ.

"ಅಣ್ಣಾ, ನೀನು ಮನಸ್ಸಿಗೆ ಹಚ್ಕೋಬೇಡ," ಎಂದ. "ಮೇಲಿರೋನು ನೀನು, ಏನು ಮಾಡೋಕಾಗುತ್ತೆ? ದಿನಾ ನಿನ್ನ ಫೋನ್ ಬಂದಾಗ ಸ್ಪೀಕರ್ ಹಾಕಿ ಅಮ್ಮನ ಕಿವಿ ಹತ್ರ ಹಿಡೀತಿದ್ವಿ. ತಾನು ಮಾತಾಡಿದ್ರೆ ಏದುಸಿರು ನಿನಗೆ ಗೊತ್ತಾಗುತ್ತೆ ಅಂತ ತುಟಿ ಬಿಗಿ ಹಿಡ್ಕೊಂಡಿರೋಳು. ನೀನು ಇಳಿದೆ ಅಂದ್ಮೇಲೇನೇ ಕಣ್ಣು ಮುಚ್ತಿದ್ದಿದ್ದು. ನಿನ್ನೆ ಕೂಡ ಕೇಳಿಸ್ಕೊಂಡಳು. ಆಯ್ತು, ಇನ್ನು ಬರ್ತಾನೆ ಅಂದಳು."

ಆಗ ನೋವಾಯಿತು. ಇಷ್ಟು ವರ್ಷ ಎಲ್ಲಿತ್ತೋ. ಕುರ್ಚಿಯ ತೋಳು ಹಿಡಿದುಕೊಂಡೆ. ಆ ಬಾಲ್ಕನಿಯಿಂದ ನಾನು ಸುಳ್ಳು ಹೇಳಿದ್ದು ಹೆಂಡತಿಗಲ್ಲ, ಅಮ್ಮನ ಕಿವಿಗೆ.

"ನನಗೆ ಹಾರಾಟ ಇರಲಿಲ್ಲ ಕಣೋ," ಎಂದೆ.

"ಏನು?"

"ಸೋಮವಾರಾನೇ ಎಲ್ಲ ತೆಗೆದುಹಾಕಿದ್ರು. ಆವತ್ತಿಂದ ನಾನು ಇಲ್ಲೇ, ಈ ಫ್ಲ್ಯಾಟಲ್ಲೇ ಇದೀನಿ. ಅಮ್ಮ ಆಗಲೇ ಹೋಗಿದಾಳೆ, ನೀವು ಮುಚ್ಚಿಡ್ತಿದೀರಿ ಅಂದ್ಕೊಂಡೆ. ಕೇಳಿಸ್ಕೊಳ್ಳೋಕೆ ಆಗಲಿಲ್ಲ."

ಅವನ ಸುತ್ತ ಜನ ಓಡಾಡುವುದು, ಯಾರೋ ಡಾಕ್ಟರಿಗೆ ಬಾಗಿಲು ತೆಗೆದದ್ದು ಕೇಳಿಸಿತು. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ಬರಬಹುದಿತ್ತಲ್ಲ, ಅಣ್ಣ," ಎಂದ.

"ಹೌದು," ಎಂದೆ. "ಬರಬಹುದಿತ್ತು."