ಇಪ್ಪತ್ತಮೂರನೇ ಗುಂಡಿಯ ಸದ್ದು

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಕಚೇರಿಯಲ್ಲಿ ಕೆಲಸ ಮಾಡುವುದೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ. ನೀರು ಸರಬರಾಜು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದಾಗ ನಮ್ಮ ಅತ್ತೆ ಹೇಳಿದ ಮಾತು ಇದು. ಅಲ್ಲಿ ಆಗಲೇ ಹತ್ತು ವರ್ಷದಿಂದ ನನ್ನ ಓರಗಿತ್ತಿ ಇದ್ದಳು. ಮನೆಯಲ್ಲಿ ಅವಳು ನನಗೆ ಅಕ್ಕ. ಕಚೇರಿಯವರಿಗೆಲ್ಲ ಕಿವಿಯಕ್ಕ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೀದಿಗಳ ಕೆಳಗೆ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ನಮ್ಮ ವಾರ್ಡಿನ ನಲವತ್ತೆಂಟು ವಾಲ್ವ್ ಗುಂಡಿಗಳಲ್ಲಿ, ಪೈಪಿಗೆ ಅಯಸ್ಕಾಂತದಿಂದ ಅಂಟಿಕೊಂಡ ಒಂದೊಂದು ಸೆನ್ಸರ್ ಇದೆ. ಊರೆಲ್ಲ ಮಲಗಿರುವಾಗ, ರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ, ಅವು ಪೈಪಿಗೆ ಕಿವಿಗೊಟ್ಟು ಕೂತಿರುತ್ತವೆ. ಆ ಹೊತ್ತಿನಲ್ಲಿ ಯಾರೂ ನಲ್ಲಿ ತಿರುಗಿಸುವುದಿಲ್ಲ, ಗಾಡಿ ಓಡುವುದಿಲ್ಲ. ಆದರೂ ಪೈಪಿನಲ್ಲಿ ಸದ್ದಿದ್ದರೆ ಅದು ಸೋರಿಕೆ. ವಾರಕ್ಕೊಮ್ಮೆ ಹಗಲು ಹೊತ್ತು ಅಕ್ಕ ರೀಡರ್ ಹಿಡಿದು ಹೊರಡುತ್ತಾಳೆ. ರೀಡರ್ ಎಂದರೆ ಇಟ್ಟಿಗೆಯಷ್ಟು ಉದ್ದದ, ಹಳದಿ ರಬ್ಬರಿನ ಅಂಚಿರುವ ಕೈಯಂತ್ರ. ಗುಂಡಿಯ ಬಳಿ ನಿಂತು ಬಟನ್ ಒತ್ತಿದರೆ, ಸೆನ್ಸರ್ ತಾನು ವಾರವಿಡೀ ಕೇಳಿದ್ದನ್ನೆಲ್ಲ ಮೂರು ನಿಮಿಷದಲ್ಲಿ ಅದಕ್ಕೆ ಒಪ್ಪಿಸುತ್ತದೆ. ಪ್ರತಿ ಗುಂಡಿಗೂ ಒಂದು ಅಂಕಿ ಬರುತ್ತದೆ. ಹತ್ತರೊಳಗಿದ್ದರೆ ಕ್ಷೇಮ, ಮೂವತ್ತು ದಾಟಿದರೆ ಅನುಮಾನ.

ಆ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿ ಗ್ರಾಫ್ ಮಾಡುವುದು ನನ್ನ ಕೆಲಸ. ಅದೂ ಫ್ಯಾನಿನ ಕೆಳಗೆ, ತಿರುಗುವ ಕುರ್ಚಿಯಲ್ಲಿ ಕೂತು. ನಾನು ಓದಿದವಳು, ಅವಳು ನಡೆಯುವವಳು ಎಂಬ ಜಂಬ ನನ್ನ ತಲೆಯೊಳಗೆ ಇತ್ತು. ಈಗ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಪಕ್ಕದ ವಾರ್ಡಿನವನು ಸ್ಕೂಟರಿನಲ್ಲಿ ಕೂತೇ ಕೆಲಸ ಮುಗಿಸುತ್ತಾನೆ. ಮುಚ್ಚಳ ಎತ್ತುವುದೇ ಇಲ್ಲ, ಗಾಡಿ ನಿಧಾನ ಮಾಡಿ ರೀಡರ್ ತೋರಿಸಿ ಮುಂದೆ ಹೋಗುತ್ತಾನೆ. ಅರ್ಧ ದಿನಕ್ಕೆ ಅವನ ವಾರ್ಡು ಮುಗಿಯುತ್ತದೆ. ಅಕ್ಕನಿಗೆ ಎರಡು ದಿನ ಬೇಕು. ಕೊಕ್ಕೆ ಹಾಕಿ ಮುಚ್ಚಳ ಎತ್ತುತ್ತಾಳೆ. ಒಳಗೆ ನೀರು ನಿಂತಿದೆಯೇ ಎಂದು ಬಗ್ಗಿ ನೋಡುತ್ತಾಳೆ. ಸೆನ್ಸರ್ ಮೇಲಿನ ಕೆಸರನ್ನು ಬಟ್ಟೆಯಿಂದ ಒರೆಸುತ್ತಾಳೆ. ರೀಡರಿನಲ್ಲಿ ಅಂಕಿ ಬಂದ ಮೇಲೂ ಎದ್ದು ಹೋಗುವುದಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು, ಆ ಗುಂಡಿಯ ಸದ್ದನ್ನು ಒಂದು ನಿಮಿಷ ಪೂರ್ತಿ ಕೇಳುತ್ತಾಳೆ. ಹಾಗೆ ಕೇಳಬೇಕು ಎಂದು ಯಾವ ನಿಯಮದಲ್ಲೂ ಇಲ್ಲ.

"ಅಂಕಿ ಬಂತಲ್ಲ ಅಕ್ಕ, ಮತ್ತೆ ಕೇಳೋದು ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಎಷ್ಟು ಸದ್ದು ಅಂತ ಅಂಕಿ ಹೇಳುತ್ತೆ. ಏನು ಸದ್ದು ಅಂತ ಹೇಳಲ್ವಲ್ಲ."

ಅವಳ ಚೀಲದಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇರುತ್ತದೆ. ಮುಂದಿನ ಪುಟಗಳಲ್ಲಿ ಗುಂಡಿಗಳ ವಿವರ. ಹಿಂದಿನ ಪುಟಗಳ ಮೇಲೆ "ನನ್ನ ತಪ್ಪುಗಳು" ಎಂಬ ತಲೆಬರಹ, ಕೆಳಗೆ ತಾರೀಖು ಹಾಕಿ ಬರೆದ ಸಾಲುಗಳು. ಅದು ಕಣ್ಣಿಗೆ ಬಿದ್ದ ದಿನ ನಾನು ನಕ್ಕುಬಿಟ್ಟಿದ್ದೆ. "ಇದೇನಕ್ಕ, ಶಾಲೆ ಮಕ್ಕಳ ಹಾಗೆ? ನೂರು ಸಲ ಬರೀಬೇಕಾ?" ಎಂದಿದ್ದೆ. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಳು.

ಕಳೆದ ತಿಂಗಳು ಇಪ್ಪತ್ತಮೂರನೇ ಗುಂಡಿಯ ಸೆನ್ಸರಿನೊಳಗೆ ನೀರು ಹೋಗಿ ಕೆಟ್ಟಿತು. ಹೊಸದನ್ನು ಸಿದ್ಧ ಮಾಡಿಕೊಟ್ಟವಳು ನಾನೇ. ನಂಬರ್ ಕೊಟ್ಟು, ಗಡಿಯಾರ ಹೊಂದಿಸಿ, ಕೇಳುವ ಹೊತ್ತು ತುಂಬಿಸಿ, ಫಾರಂನಲ್ಲಿ ದೊಡ್ಡದಾಗಿ ಸಹಿ ಮಾಡಿದ್ದೆ. ಅಕ್ಕ ಅದನ್ನು ಒಯ್ದು ಪೈಪಿಗೆ ಅಂಟಿಸಿ ಬಂದಳು. ಬೇರೆ ಗುಂಡಿಗಳ ಕೆಲಸವೂ ಆ ತಿಂಗಳು ಹಿಂದೆ ಬಿದ್ದಿದ್ದರಿಂದ ಅದನ್ನು ಓದುವ ಸರದಿ ಬಂದದ್ದು ಮೊನ್ನೆ ಮಂಗಳವಾರ.

ಆ ಹೊತ್ತಿಗೆ ನಮ್ಮ ವಾರ್ಡು ಕಂಗಾಲಾಗಿತ್ತು. ಮೂರು ವಾರದಿಂದ ಎಲ್ಲೋ ನೀರು ಹರಿದುಹೋಗುತ್ತಿತ್ತು. ಕೊನೆಯ ಎರಡು ಬೀದಿಗಳ ನಲ್ಲಿಗಳಲ್ಲಿ ದಾರದಷ್ಟು ನೀರು. ಜನರ ಫೋನು ಎತ್ತಿ ಎತ್ತಿ ಇಂಜಿನಿಯರ್ ಸಾಹೇಬರ ಕಿವಿ ಕೆಂಪಾಗಿತ್ತು. ಅಕ್ಕ ಹನ್ನೊಂದು ಗಂಟೆಗೆ ಬಂದು ರೀಡರನ್ನು ನನ್ನ ಮೇಜಿನ ಮೇಲಿಟ್ಟಳು. ನಾನು ಅಂಕಿ ಇಳಿಸಿದೆ. ಇಪ್ಪತ್ತಮೂರು: ಅರವತ್ತೊಂದು. ಅಂಥ ಅಂಕಿ ನಾನು ಕಂಡೇ ಇರಲಿಲ್ಲ. ಗ್ರಾಫ್ ಹಿಡಿದು, ಹೆರಿಗೆ ಮನೆಯಿಂದ ಸುದ್ದಿ ತಂದವಳ ಹಾಗೆ ಸಾಹೇಬರ ಕೋಣೆಗೆ ಓಡಿದೆ.

"ಸಿಕ್ಕಿಬಿತ್ತು ನೋಡು," ಎಂದರು ಅವರು. ಇಪ್ಪತ್ತಮೂರನೇ ಗುಂಡಿ ಇರುವುದು ಒಬ್ಬ ಟೈಲರ್ ಅಂಗಡಿಯ ಮುಂದೆ. ಪೈಪು ಬೀದಿಗಿಂತ ಹಳೆಯದು, ಅಂಗಡಿಯ ನೆಲದಡಿಯಲ್ಲೇ ಹಾದುಹೋಗುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನೆಲ ಅಗೆಯುವುದು ಎಂದು ತೀರ್ಮಾನವಾಯಿತು. ಅಂಗಡಿ ಖಾಲಿ ಮಾಡಿ ಎಂದು ಟೈಲರಿಗೆ ಅಲ್ಲಿಂದಲೇ ಫೋನೂ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. "ಸಾರ್, ಅದು ಸೋರಿಕೆ ಅಲ್ಲ. ನಾನು ಅಲ್ಲೇ ಕೂತು ಕೇಳಿದೆ. ಹೊಲಿಗೆ ಮಿಷಿನ್ ಸದ್ದು ಅದು."

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ರಾತ್ರಿ ಎರಡು ಗಂಟೆಗೆ ಯಾರಮ್ಮ ಹೊಲೀತಾರೆ?"

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಬಾಯಿ ಬಿಡದಿದ್ದರೆ ಓದಿದ್ದು ಜೀರ್ಣವಾಗುವುದು ಹೇಗೆ? "ನಮ್ಮ ಸೆನ್ಸರ್ ರಾತ್ರಿ ಎರಡರಿಂದ ನಾಲ್ಕರವರೆಗೆ ಮಾತ್ರ ಕೇಳೋದು ಸಾರ್. ನಾನೇ ಸೆಟ್ ಮಾಡಿದ್ದು," ಎಂದೆ.

ಅಕ್ಕ ತಿರುಗಿ ನನ್ನನ್ನು ಒಂದು ಸಲ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಅರ್ಥವಾಗಲಿಲ್ಲ. ಆಮೇಲೆ ಸಾಹೇಬರಿಗೆ, "ಸಾಯಂಕಾಲದವರೆಗೆ ಟೈಮ್ ಕೊಡಿ ಸಾರ್," ಎಂದಷ್ಟೇ ಹೇಳಿ ಹೊರಟಳು.

ಊಟದ ಡಬ್ಬಿ ತೊಳೆಯುವಾಗ ನನ್ನ ಪಕ್ಕ ಬಂದು ನಿಂತಳು. "ಎರಡು ಗಂಟೆಗೆ ನನ್ನ ಜೊತೆ ಬರ್ತೀಯಾ? ಚಪ್ಪಲಿ ಬೇಡ, ಶೂ ಹಾಕ್ಕೋ."

"ಬಿಸಿಲಿದೆ ಅಕ್ಕ."

"ಗೊತ್ತು. ವಾರಾ ವಾರಾ ನೋಡ್ತೀನಿ ಅದನ್ನ."

ಹೋದೆ. ಟೈಲರ್ ಅಂಗಡಿ ಎಂದರೆ ಎರಡು ಮಂಚ ಹಾಕಿದರೆ ತುಂಬುವಷ್ಟು ಜಾಗ. ಗೋಡೆಗೆ ತಾಗಿ ಮೋಟಾರಿನ ಎರಡು ಮಿಷಿನ್, ಎರಡಕ್ಕೂ ನೆಲಕ್ಕೆ ಬೋಲ್ಟ್ ಬಿಗಿದಿದೆ. ಶಾಲೆಯ ಸಮವಸ್ತ್ರಗಳು ನೀಲಿ ಗುಡ್ಡದ ಹಾಗೆ ರಾಶಿ ಬಿದ್ದಿದ್ದವು. ಟೈಲರಿಗೆ ಅರವತ್ತು ದಾಟಿದೆ, ಕೊರಳಲ್ಲಿ ಅಳತೆ ಟೇಪು. ಒಂದು ಮಿಷಿನ್ ಅವರು, ಇನ್ನೊಂದು ಅವರ ಹೆಂಡತಿ ಓಡಿಸುತ್ತಿದ್ದರು. ಅರ್ಧ ಬಟ್ಟೆ ಆಗಲೇ ಮೂಟೆ ಕಟ್ಟಿ ಬಾಗಿಲಿಗೆ ಬಂದಿತ್ತು.

"ಬನ್ನಿ ಕಿವಿಯಮ್ಮ," ಎಂದರು ಟೈಲರ್, ಹೊಲಿಯುತ್ತಲೇ. "ನಾಳೆ ನೆಲ ಅಗೀತಾರಂತೆ. ನೆಲ ಮುಚ್ಚಿ ಸಿಮೆಂಟ್ ಒಣಗೋಕೆ ಹದಿನೈದು ದಿನ. ಶಾಲೆ ತೆರೆಯೋದು ಸೋಮವಾರ. ನೂರ ನಲವತ್ತು ಮಕ್ಕಳು ಏನು ಹಾಕ್ಕೊಂಡು ಹೋಗ್ತಾರೋ ನಂಗೊತ್ತಿಲ್ಲ. ಈ ಆರ್ಡರ್ ಹೋದ್ರೆ ಮುಂದಿನ ವರ್ಷ ಇತ್ತ ಯಾರೂ ಬರಲ್ಲ."

"ಸ್ವಲ್ಪ ಹೊತ್ತು ಹೊಲೀತಾ ಇರಿ ಟೈಲರಣ್ಣ. ನಾನು ಕೈ ಎತ್ತಿದಾಗ ಇಬ್ರೂ ನಿಲ್ಲಿಸಿ. ಕೈ ಇಳಿಸಿದಾಗ ಶುರು ಮಾಡಿ."

ಯಾಕೆ, ಏನು ಎಂದು ಅವರು ಕೇಳಲಿಲ್ಲ. ತಲೆ ಆಡಿಸಿದರು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಆಶ್ಚರ್ಯವಾಯಿತು.

ಅಕ್ಕ ಮುಚ್ಚಳ ಎತ್ತಿ, ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತಳು. ರೀಡರಿಗೆ ಇಯರ್‌ಫೋನ್ ಹಾಕಿ ನನ್ನ ಕಿವಿಗೆ ಸಿಕ್ಕಿಸಿದಳು. ಮೊದಲು ಬೆಳಿಗ್ಗೆ ಇಳಿಸಿಕೊಂಡಿದ್ದ ಸದ್ದು ಹಾಕಿದಳು. ಗರ್ರ್ ಎಂದು ಉದ್ದಕ್ಕೆ ಹೋಗಿ ನಿಲ್ಲುತ್ತದೆ, ಎರಡು ಸಣ್ಣ ತುಂಡು, ಮತ್ತೆ ಉದ್ದಕ್ಕೆ. "ಸೋರಿಕೆ ಉಸಿರು ತಗೊಳ್ಳಲ್ಲ," ಎಂದಳು ಅಕ್ಕ. "ಒಂದೇ ಸಮ ಇರುತ್ತೆ. ಇದು ತೋಳು ಹೊಲಿದು ತಿರುಗಿಸ್ತಾ ಇದೆ, ಕೇಳು." ಆಮೇಲೆ ಪೈಪಿನಲ್ಲಿ ಆ ಕ್ಷಣ ಕೇಳಿಸುತ್ತಿದ್ದ ಸದ್ದಿಗೆ ತಿರುಗಿಸಿದಳು. ಅದೇ ಗರ್ರ್, ಅದೇ ತುಂಡು. ಅವಳು ಕೈ ಎತ್ತಿದಳು. ನನ್ನ ಕಿವಿಯೊಳಗೆ ಸದ್ದು ಅಡಗಿ, ಬೀದಿಯ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು. ಕೈ ಇಳಿಸಿದಳು. ಗರ್ರ್ ಎಂದು ಮತ್ತೆ ಶುರುವಾಯಿತು.

ಹಾಗಾದರೆ ಈ ಸೆನ್ಸರ್ ಹಗಲು ಎರಡು ಗಂಟೆಯ ಸದ್ದನ್ನು ರಾತ್ರಿಯದು ಎಂದು ಒಪ್ಪಿಸಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮುಟ್ಟಿ ನೋಡಿಕೊಳ್ಳುವುದೂ ಬೇಕಿರಲಿಲ್ಲ. ಆ ಸೆನ್ಸರಿಗೆ ಗಡಿಯಾರ ಹೊಂದಿಸಿದ್ದು ಊಟವಾದ ಮೇಲೆ, ಒಂದೂವರೆ ಗಂಟೆಗೆ. ಒಂದು ಮೂವತ್ತು ಎಂದು ಒತ್ತಿದ ಮೇಲೆ ಎಎಂ, ಪಿಎಂ ಆರಿಸಬೇಕು. ಆರಿಸದಿದ್ದರೆ ಯಂತ್ರ ತಾನೇ ಎಎಂ ಎಂದುಕೊಳ್ಳುತ್ತದೆ. ನಾನು ಆರಿಸಿರಲಿಲ್ಲ. ನನ್ನ ದೊಡ್ಡ ಸಹಿ ಕಣ್ಣ ಮುಂದೆ ಬಂತು.

"ನಿಂಗೆ ಬೆಳಿಗ್ಗೆನೇ ಗೊತ್ತಾಗಿತ್ತು ಅಲ್ವಾ?"

"ಗೊತ್ತಾಗಿತ್ತು."

"ಸಾಹೇಬರ ಮುಂದೆನೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಜಗಳಕ್ಕೆ ನಿಲ್ತಿದ್ದೆ. ಕೇಳಿಸ್ಕೊಳ್ತಿರಲಿಲ್ಲ." ಮುಚ್ಚಳ ಮುಚ್ಚಿ, ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು. "ಸಂಜೆವರೆಗೂ ನೀನು ಹೇಳದಿದ್ರೆ ನಾನೇ ಹೇಳ್ತೀನಿ. ಅವರ ನೆಲ ಅಗೆಯೋಕೆ ಬಿಡಲ್ಲ."

ಒಂದೇ ಮಾತಿನಲ್ಲಿ ನನ್ನ ಮಾನ ಕಳೆಯಬಹುದಾಗಿದ್ದವಳು, ಬಿಸಿಲಲ್ಲಿ ಮಂಡಿಯೂರಿ ಕೂತು ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದಳು. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಊರಿಗೆಲ್ಲ ಡಂಗುರ ಸಾರಿಸುತ್ತಿದ್ದೆ.

ಕಚೇರಿಯವರೆಗಿನ ಇಪ್ಪತ್ತು ನಿಮಿಷದ ದಾರಿಯಲ್ಲಿ ನಾನು ಎಷ್ಟು ನೆಪ ಹುಡುಕಿದೆನೋ ಲೆಕ್ಕವಿಲ್ಲ. ಯಂತ್ರ ಹಳೆಯದು, ಪರದೆ ಮಸುಕು, ಬ್ಯಾಟರಿ ಕಮ್ಮಿ. ಸಾಹೇಬರ ಮುಂದೆ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. "ಸಾರ್, ಇಪ್ಪತ್ತಮೂರರ ಗಡಿಯಾರ ನಾನು ತಪ್ಪಾಗಿ ಇಟ್ಟಿದ್ದೆ. ಅದು ಹಗಲು ಕೇಳ್ತಾ ಇದೆ. ಸೋರಿಕೆ ಅಲ್ಲಿಲ್ಲ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. "ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತಲ್ಲಮ್ಮ ನನ್ನ ಕಥೆ," ಎಂದು ಅವರು ತಮ್ಮನ್ನೇ ಬೈದುಕೊಂಡರು. "ಗಡಿಯಾರ ಸರಿ ಮಾಡಿ ಬನ್ನಿ. ಅಗೆತ ಬೇಡ. ಎರಡು ರಾತ್ರಿ ಕಳೀಲಿ, ನೋಡೋಣ."

ಗುರುವಾರ ಇಪ್ಪತ್ತಮೂರರ ಅಂಕಿ ಮೂರು ಬಂತು. ಅರವತ್ತೊಂದರ ಗದ್ದಲದಲ್ಲಿ ಓದದೇ ಉಳಿದಿದ್ದ ಬೇಕರಿ ಬೀದಿಯ ಮೂವತ್ತೊಂದನೇ ಗುಂಡಿ ಅಂದು ಮೂವತ್ತೆಂಟು ಎಂದು ಹೇಳಿತು. ಅಲ್ಲಿನ ಸದ್ದನ್ನು ಅಕ್ಕ ಕೇಳಿದಳು, ನನಗೂ ಕೇಳಿಸಿದಳು. ಒಂದೇ ಸಮ ಶ್‌ಶ್ ಎನ್ನುತ್ತಿತ್ತು, ಉಸಿರು ತೆಗೆದುಕೊಳ್ಳಲೇ ಇಲ್ಲ. ಅಗೆದರು. ಪೈಪಿನಲ್ಲಿ ಬೆರಳು ಹೋಗುವಷ್ಟು ಬಿರುಕು. ಆ ಸಂಜೆ ಕೊನೆಯ ಬೀದಿಯ ನಲ್ಲಿಗಳಿಗೂ ನೀರು ಬಂತು.

ಎಲ್ಲ ಸರಿಹೋಯಿತಲ್ಲ, ಇನ್ನೇನು ಎಂದು ನಾನು ಕೂತಿರಬಹುದಿತ್ತು. ಆದರೆ ಆ ಟೈಲರ್ ಮೂಟೆ ಕಟ್ಟಿದ್ದು ಮನಸ್ಸಿನಿಂದ ಹೋಗಲಿಲ್ಲ. ಶುಕ್ರವಾರ ಕಚೇರಿ ಬಿಟ್ಟ ಮೇಲೆ ಒಬ್ಬಳೇ ಹೋದೆ. ಮಿಷಿನ್ ಎರಡೂ ಓಡುತ್ತಿದ್ದವು. ನೀಲಿ ಗುಡ್ಡ ಮೊಣಕಾಲೆತ್ತರಕ್ಕೆ ಇಳಿದಿತ್ತು.

"ಮೊನ್ನೆ ನಿಮ್ಮ ಅಂಗಡಿ ಖಾಲಿ ಮಾಡಿಸಿದ್ದು ನನ್ನ ತಪ್ಪಿನಿಂದ," ಎಂದೆ. "ಗಡಿಯಾರ ಇಟ್ಟವಳು ನಾನು."

ಟೈಲರ್ ಮಿಷಿನ್ ನಿಲ್ಲಿಸಿ ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಇಬ್ಬರೂ ನಕ್ಕರು. ಅವರು ಎದ್ದು ಬಟ್ಟೆ ರಾಶಿಯನ್ನು ಕಾಲಿನಿಂದ ಸರಿಸಿದರು. ಬೂದು ನೆಲದ ನಡುವೆ ಬಾಗಿಲಿನಿಂದ ಗೋಡೆಯವರೆಗೆ ಒಂದು ಮೊಳ ಅಗಲದ ಬಿಳಿಚಿದ ಸಿಮೆಂಟು ಪಟ್ಟೆ ಇತ್ತು.

"ಹತ್ತು ವರ್ಷ ಆಯ್ತಮ್ಮ. ಆಗ ತಾನೇ ಈ ಸೆನ್ಸರ್ ಬಂದಿತ್ತು. ಅಗೆದ್ರು, ಏನೂ ಸಿಗ್ಲಿಲ್ಲ. ಹದಿನೇಳು ದಿನ ಬಾಗಿಲು ಹಾಕಿದ್ದೆ. ಅಗೆದೋರು ಯಾರೂ ಈ ಕಡೆ ತಲೆ ಹಾಕ್ಲಿಲ್ಲ. ನಿಮ್ಮ ಅಕ್ಕ ಮಾತ್ರ ಬಂದ್ರು. ಈಗ ನೀವು ನಿಂತಿದ್ದೀರಲ್ಲ, ಅಲ್ಲೇ ನಿಂತು, ಇದೇ ಮಾತು ಹೇಳಿದ್ರು. ಹಗಲು ರಾತ್ರಿ ಅದಲು ಬದಲು ಆಯ್ತು, ಗಡಿಯಾರ ಇಟ್ಟಿದ್ದು ನಾನೇ ಅಂತ." ಅವರು ಪಟ್ಟೆಯನ್ನು ಕಾಲ್ಬೆರಳಿಂದ ತಟ್ಟಿದರು. "ಅದಕ್ಕೇ ಮೊನ್ನೆ ಅವರು ಕೈ ಎತ್ತಿದ್ರೆ ನಿಲ್ಲಿಸೋಕೆ ಒಪ್ಕೊಂಡಿದ್ದು."

ನಾನು ಆ ಪಟ್ಟೆಯನ್ನೇ ನೋಡುತ್ತ ನಿಂತೆ. ಅವಳ ಕಿವಿ ಹುಟ್ಟಾ ಚುರುಕು ಎಂದು ಎಲ್ಲರೂ ಹೇಳುತ್ತಾರೆ. ಗುಂಡಿ ಗುಂಡಿಗೂ ಒಂದು ನಿಮಿಷ ಕೂತು ಕೇಳುವ ಆ ಅಭ್ಯಾಸ ಈ ನೆಲದಿಂದ ಶುರುವಾದದ್ದು. ಸಾಹೇಬರ ಕೋಣೆಯಲ್ಲಿ ಅವಳು ನನ್ನನ್ನು ನೋಡಿದ ನೋಟ ಆಗ ನೆನಪಾಯಿತು. ಅವಳು ನೋಡಿದ್ದು ಹತ್ತು ವರ್ಷದ ಹಿಂದಿನ ತನ್ನನ್ನೇ. ಅಷ್ಟು ದಿನ ಅವಳ ಜೊತೆ ಒಂದೇ ಮನೆಯಲ್ಲಿ ಉಂಡು, ಅವಳನ್ನು ನಡೆಯುವವಳು ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮನೆಗೆ ಹೋದಾಗ ಅಕ್ಕ ಅಡುಗೆಮನೆಯಲ್ಲಿ ಕೂತು ರೀಡರಿನ ರಬ್ಬರ್ ಅಂಚನ್ನು ಒರೆಸುತ್ತಿದ್ದಳು. "ನಿನ್ನ ನೋಟ್‌ಬುಕ್ ಕೊಡಕ್ಕ," ಎಂದೆ. "ಹಿಂದಿನ ಪುಟದಲ್ಲಿ ಒಂದು ಸಾಲು ಬರೀಬೇಕು."

"ನಂದು ಕೊಡಲ್ಲ. ನನ್ನವೇ ತುಂಬ್ಕೊಂಡಿವೆ, ಅದರಲ್ಲಿ ಜಾಗ ಇಲ್ಲ," ಎಂದಳು. ಮೇಲಿನ ಹಲಗೆಯತ್ತ ಕೈ ಮಾಡಿದಳು. "ಅಲ್ಲಿ ನಿಂದಿದೆ ನೋಡು."

ಡಬ್ಬಿಗಳ ಪಕ್ಕ ಅದೇ ಅಳತೆಯ ಉದ್ದನೆಯ ಹೊಸ ನೋಟ್‌ಬುಕ್ ಇತ್ತು. ರಟ್ಟಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಚೀಟಿಯ ಮೇಲೆ ಮಂಗಳವಾರದ ತಾರೀಖು ಇತ್ತು.